ಚೀಟಿಯಲ್ಲಿ ‘ಸ್ಟೇಜ್ 3, ಗ್ರೇಡ್ ಸಿ’ ಎಂದಿದ್ದರೆ: ವಸಡಿನ ರೋಗದ ಬಗೆಗಳನ್ನು ಓದಿಕೊಳ್ಳುವುದು ಹೇಗೆ

‘ಜನರಲೈಸ್ಡ್ ಪೆರಿಯೊಡಾಂಟೈಟಿಸ್, ಸ್ಟೇಜ್ 3, ಗ್ರೇಡ್ ಸಿ.’ ಹಲ್ಲಿನ ಡಾಕ್ಟರು ಕೊಟ್ಟ ಚೀಟಿಯಲ್ಲಿ ಇಂಥ ಒಂದು ಸಾಲು ಇದ್ದರೆ ಅದನ್ನು ಹೇಗೆ ಓದಿಕೊಳ್ಳಬೇಕು, ಓದಿಕೊಂಡ ಮೇಲೆ ಏನು ಮಾಡಬೇಕು ಎಂದು ಹೇಳುವುದಕ್ಕೆ ಈ ಬರಹ. ನಾನು ದಾವಣಗೆರೆಯ ಒಂದು ಕ್ಲಿನಿಕ್ಕಿನಲ್ಲಿ ಡೆಂಟಲ್ ಹೈಜಿನಿಸ್ಟ್. ಡಾಕ್ಟರು ಬಾಯಿ ಅಳೆದು ಅಂಕಿ ಹೇಳುತ್ತಾ ಹೋಗುತ್ತಾರೆ, ನಾನು ಚಾರ್ಟಿನಲ್ಲಿ ತುಂಬುತ್ತಾ ಹೋಗುತ್ತೇನೆ. ಹಲ್ಲಿಗೆ ಅಂಟಿ ಗಟ್ಟಿಯಾದ ಕಿಟ್ಟ ತೆಗೆಯುವುದು, ಬ್ರಷ್ ಹಿಡಿಯುವುದನ್ನು ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಒಳಗೆ ಡಾಕ್ಟರ ಮುಂದೆ ಸುಮ್ಮನೆ ತಲೆಯಾಡಿಸಿದವರು ಹೊರಗೆ ಬಂದ ಮೇಲೆ ನನ್ನನ್ನು ಕೇಳುತ್ತಾರೆ. ಜಗಳೂರು ಕಡೆಯ ಒಬ್ಬ ತಾಯಿ ಚೀಟಿಯನ್ನು ಮುಂದೆ ಹಿಡಿದು, ‘ಅಕ್ಕಾರೆ, ಮೂರನೇ ಸ್ಟೇಜು ಅಂತ ಬರ್ದಾರಲ್ರೀ, ಕ್ಯಾನ್ಸರ್ ಏನ್ರೀ ಇದು?’ ಎಂದಾಗ ಅವರ ಕೈ ನಡುಗುತ್ತಿತ್ತು.

ಇದು ಕ್ಯಾನ್ಸರಿನ ಸ್ಟೇಜಲ್ಲ, ಪೆರಿಯೊಡಾಂಟೈಟಿಸ್ ಎಂಬ ವಸಡಿನ ರೋಗದ್ದು. ಹಲ್ಲನ್ನು ಹಿಡಿದುಕೊಂಡಿರುವ ಎಲುಬು ಮತ್ತು ನಾರು ಇಲ್ಲಿಯವರೆಗೆ ಎಷ್ಟು ಹೋಗಿವೆ ಎಂಬುದನ್ನು ಸ್ಟೇಜ್ ಹೇಳುತ್ತದೆ. ಅವು ಎಷ್ಟು ಬೇಗ ಹೋಗುತ್ತಿವೆ, ಮುಂದೆ ಎಷ್ಟು ಬೇಗ ಹೋಗಬಹುದು ಎಂಬುದನ್ನು ಗ್ರೇಡ್ ಹೇಳುತ್ತದೆ. ಬಂದವರೆಲ್ಲ ಸ್ಟೇಜಿನ ಬಗ್ಗೆಯೇ ಕೇಳುತ್ತಾರೆ. ನನ್ನ ಕಳಕಳಿ ಏನೆಂದರೆ, ನಿಮ್ಮ ಕೈಯಲ್ಲಿರುವುದು ಗ್ರೇಡು. ಹೋದ ಎಲುಬನ್ನು ಪೂರ್ತಿ ವಾಪಸ್ ತರುವುದು ಕಷ್ಟ. ಹೋಗುವ ವೇಗವನ್ನು ತಗ್ಗಿಸಲು ಸಾಧ್ಯವಿದೆ. ಆದ್ದರಿಂದ ಚೀಟಿಯಲ್ಲಿ ಗ್ರೇಡ್ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಈ ಸ್ಟೇಜ್, ಗ್ರೇಡ್‌ಗಳ ಪದ್ಧತಿ ಬಂದದ್ದು ಇತ್ತೀಚೆಗೆ. 2017ರ ನವೆಂಬರಿನಲ್ಲಿ ಅಮೆರಿಕ ಮತ್ತು ಯುರೋಪಿನ ವಸಡು ತಜ್ಞರ ಸಂಘಗಳು ಶಿಕಾಗೊದಲ್ಲಿ ಸೇರಿ ಇದನ್ನು ತೀರ್ಮಾನಿಸಿದವು, 2018ರಲ್ಲಿ ಅದು ಪ್ರಕಟವಾಯಿತು. ಅದಕ್ಕೆ ಮುಂಚೆ 1999ರ ಪದ್ಧತಿ ಇತ್ತು. ನಿಮ್ಮ ಹಳೆಯ ಚೀಟಿಯಲ್ಲಿ ‘ಕ್ರಾನಿಕ್’, ‘ಅಗ್ರೆಸಿವ್’ ಎಂದು ಇದ್ದರೆ ಅದು ಆ ಕಾಲದ್ದು. ಆ ಎರಡು ಹೆಸರುಗಳನ್ನೂ ಈಗ ಕೈಬಿಟ್ಟಿದ್ದಾರೆ. ಎರಡೂ ಒಂದೇ ರೋಗ, ವೇಗ ಮಾತ್ರ ಬೇರೆ ಎಂದು ಒಪ್ಪಿಕೊಂಡು ಆ ವೇಗವನ್ನೇ ಗ್ರೇಡ್ ಎಂದು ಬರೆಯುತ್ತಾರೆ.

ಕ್ಲಿನಿಕ್ಕಿಗೆ ಹೋಗುವ ಮೊದಲು ಕನ್ನಡಿಯ ಮುಂದೆ

ಬೆಳಗ್ಗೆ ಹಲ್ಲುಜ್ಜುವ ಮೊದಲು ಕಿಟಕಿಯ ಬೆಳಕಿಗೆ ನಿಂತು ತುಟಿಯನ್ನು ಮೇಲಕ್ಕೆತ್ತಿ ನೋಡಿ. ಆರೋಗ್ಯವಾದ ವಸಡು ಬಿಗಿಯಾಗಿರುತ್ತದೆ. ಒರೆಸಿ ನೋಡಿದರೆ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ತಗ್ಗು ಬಿದ್ದಂತೆ ಕಾಣುತ್ತದೆ, ಆದರೆ ಎಲ್ಲರಿಗೂ ಅದು ಕಾಣುವುದಿಲ್ಲ. ಎರಡು ಹಲ್ಲಿನ ಸಂದಿಯಲ್ಲಿ ವಸಡಿನ ತುದಿ ಚೂಪಾಗಿ ಕೂತಿರುತ್ತದೆ. ಬಣ್ಣ ನೋಡಿ ಮಾತ್ರ ಗಾಬರಿಯಾಗಬೇಡಿ. ನಮ್ಮ ಕಡೆ ಬಹಳ ಜನಕ್ಕೆ ವಸಡಿನ ಮೇಲೆ ಕಂದು, ಕಪ್ಪು ಮಚ್ಚೆಗಳು ಹುಟ್ಟಿನಿಂದ ಇರುತ್ತವೆ. ಮೈಬಣ್ಣಕ್ಕೆ ಕಾರಣವಾದ ವರ್ಣದ್ರವ್ಯವೇ ಅದು, ರೋಗವಲ್ಲ. ನೋಡಬೇಕಾದದ್ದು ಹಲ್ಲಿಗೆ ಅಂಟಿದ ಅಂಚನ್ನು. ಅಲ್ಲಿ ಕೆಂಪೇರಿ, ಊದಿ, ಹೊಳೆಯುತ್ತಿದ್ದರೆ ಬಾವು ಇದೆ ಎಂದರ್ಥ.

ಆಮೇಲೆ ಉಜ್ಜಿ ಉಗುಳಿದ ನೊರೆ ನೋಡಿ. ಪೇರಲಹಣ್ಣು ಕಚ್ಚಿದ ಜಾಗದಲ್ಲಿ ಕೆಂಪು ಅಂಟಿದೆಯೇ, ಬೆಳಗ್ಗೆ ದಿಂಬಿನ ಮೇಲೆ ಕಲೆ ಇದೆಯೇ ನೋಡಿ. ರಕ್ತ ಬರುತ್ತದೆ ಎಂದು ಆ ಜಾಗದಲ್ಲಿ ಬ್ರಷ್ ಆಡಿಸುವುದನ್ನು ಬಿಟ್ಟವರು ಬಹಳ ಜನ. ಬಿಟ್ಟಷ್ಟೂ ಅಲ್ಲಿ ಪಾಚಿ, ಅಂದರೆ ಹಲ್ಲಿಗೆ ಅಂಟುವ ಮೆತ್ತನೆಯ ಪದರ, ಕೂರುತ್ತದೆ, ಪಾಚಿ ಕೂತಷ್ಟೂ ರಕ್ತ ಹೆಚ್ಚುತ್ತದೆ.

ಬೀಡಿ, ಸಿಗರೇಟು ಸೇದುವವರಿಗೆ ಈ ಗುರುತು ಮೋಸ ಮಾಡುತ್ತದೆ. ಹೊಗೆಯಿಂದ ವಸಡಿನ ರಕ್ತಸ್ರಾವ ಕಡಿಮೆಯಾಗುತ್ತದೆ. ‘ನನಗೆ ಒಂದು ಹನಿ ರಕ್ತ ಬರಲ್ಲ, ವಸಡು ಗಟ್ಟಿ ಐತಿ’ ಎನ್ನುವವರ ಬಾಯಿ ಅಳೆದರೆ 7 ಮಿ.ಮೀ. ಪಾಕೆಟ್, ಅಂದರೆ ಹಲ್ಲಿಗೂ ವಸಡಿಗೂ ನಡುವೆ ಬಿದ್ದ ಆಳದ ಸಂದಿ, ಸಿಗುತ್ತದೆ. ಸೇದುವವರು ರಕ್ತಕ್ಕೆ ಕಾಯಬಾರದು, ನೋವಿಗಂತೂ ಕಾಯಲೇಬಾರದು. ಈ ರೋಗ ಬಹುಪಾಲು ನೋವಿಲ್ಲದೆ ನಡೆಯುತ್ತದೆ.

ಇಲ್ಲೊಂದು ನಮ್ಮ ಸೀಮೆಯ ಮಾತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಅಲ್ಲಿ ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದಂಥ ಬಿಳಿ ಮಚ್ಚೆ ಇರುತ್ತವೆ. ಅದನ್ನು ಕೊಳೆ ಎಂದು ತಿಳಿದು ಇಟ್ಟಿಗೆಪುಡಿ, ಬೂದಿ, ಇದ್ದಿಲು ಹಾಕಿ ತಿಕ್ಕಿ ವಸಡನ್ನು ಹಿಂದಕ್ಕೆ ಸರಿಸಿಕೊಂಡವರನ್ನು ಕಂಡು ಹೊಟ್ಟೆ ಉರಿಯುತ್ತದೆ. ಆ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಕೂತದ್ದು. ತಿಕ್ಕಿದರೂ ಹೋಗದು, ನಾನು ಮಾಡುವ ಕ್ಲೀನಿಂಗಿಗೂ ಹೋಗದು. ವಸಡಿನ ರೋಗದ ಲೆಕ್ಕಕ್ಕೆ ಅದು ಸೇರುವುದೂ ಇಲ್ಲ.

ಮೊದಲ ಕವಲು: ಬಾವು ಮಾತ್ರವೋ, ಎಲುಬೂ ಹೋಗಿದೆಯೋ

ವಸಡಿನ ರೋಗದ ಬಗೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕವಲು ಇದು. ಬಾವು ವಸಡಿನಲ್ಲೇ ನಿಂತಿದ್ದರೆ ಜಿಂಜಿವೈಟಿಸ್. ಅದು ಕೆಳಗಿಳಿದು ಹಲ್ಲನ್ನು ಎಲುಬಿಗೆ ಕಟ್ಟಿದ ನಾರನ್ನೂ ಎಲುಬನ್ನೂ ತಿಂದಿದ್ದರೆ ಪೆರಿಯೊಡಾಂಟೈಟಿಸ್. ಮೊದಲನೆಯದು ಪೂರ್ತಿ ವಾಸಿಯಾಗುತ್ತದೆ. ಎರಡನೆಯದನ್ನು ಹಿಡಿದು ನಿಲ್ಲಿಸಬಹುದು, ಆದರೆ ಆಮೇಲೆ ಬದುಕಿನುದ್ದಕ್ಕೂ ಅದರ ಮೇಲೆ ಕಣ್ಣಿಟ್ಟಿರಬೇಕು.

ಮೊದಲನೆಯದು ವಾಸಿಯಾಗುತ್ತದೆ ಎಂದು ನಾನು ಧೈರ್ಯವಾಗಿ ಹೇಳುವುದಕ್ಕೆ ಒಂದು ಹಳೆಯ ಪ್ರಯೋಗದ ಬಲವಿದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹೂಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಅವರ ಜೊತೆಗಾರರು ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರಿಗೂ ವಸಡು ಊದಿ ರಕ್ತ ಬರತೊಡಗಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಜಿಂಜಿವೈಟಿಸ್‌ಗೆ ಕಾರಣ ಹಲ್ಲಿನ ಬುಡದ ಪಾಚಿಯೇ ಎಂದು ಖಚಿತವಾದದ್ದು ಹೀಗೆ. ಹಾಗಾಗಿ ಚೀಟಿಯಲ್ಲಿ ಬರೀ ‘ಜಿಂಜಿವೈಟಿಸ್’ ಎಂದಿದ್ದರೆ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿಯಿರಿ. ಕಿಟ್ಟ ತೆಗೆಸಿ, ಸರಿಯಾಗಿ ಉಜ್ಜಿ.

ಜಿಂಜಿವೈಟಿಸ್‌ನಲ್ಲೂ ‘ಲೋಕಲೈಸ್ಡ್’, ‘ಜನರಲೈಸ್ಡ್’ ಎಂದು ಬರೆದಿರುತ್ತಾರೆ. ಪ್ರತಿ ಹಲ್ಲಿನ ಸುತ್ತ ಆರು ಜಾಗ ಅಳತೆ ಕಡ್ಡಿಯಿಂದ ಮುಟ್ಟಿ ನೋಡುತ್ತೇವೆ. ಬುದ್ಧಿಹಲ್ಲು ಬಿಟ್ಟು 28 ಹಲ್ಲಿದ್ದರೆ 168 ಜಾಗ. ರಕ್ತ ಬಂದ ಜಾಗಗಳು ನೂರಕ್ಕೆ 10ಕ್ಕಿಂತ ಕಡಿಮೆ, ಅಂದರೆ 16ರೊಳಗಿದ್ದು, ಹಲ್ಲಿಗೂ ವಸಡಿಗೂ ನಡುವಿನ ಆಳ ಎಲ್ಲೂ 3 ಮಿ.ಮೀ. ದಾಟದಿದ್ದರೆ ವಸಡು ಆರೋಗ್ಯವಾಗಿದೆ ಎಂದೇ ಲೆಕ್ಕ. ನೂರಕ್ಕೆ 10ರಿಂದ 30 ಇದ್ದರೆ ಲೋಕಲೈಸ್ಡ್. 30 ದಾಟಿದರೆ, ಅಂದರೆ 50ಕ್ಕೂ ಹೆಚ್ಚು ಕಡೆ ರಕ್ತ ಬಂದರೆ, ಜನರಲೈಸ್ಡ್.

ಡಾಕ್ಟರು ಕೂಗಿ ಹೇಳುವ ಆ ಅಂಕಿಗಳು

ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ‘ಮೂರು, ಎರಡು, ಮೂರು... ಐದು, ಮೂರು, ಆರು’ ಎಂದು ಕೇಳುತ್ತದಲ್ಲ, ಆ ಅಂಕಿಗಳೆಲ್ಲ ಮಿಲಿಮೀಟರು. ಡಾಕ್ಟರ ಕೈಯಲ್ಲಿರುವುದು ಪ್ರೋಬ್ ಎಂಬ ತೆಳ್ಳಗಿನ ಅಳತೆ ಕಡ್ಡಿ. ಅದರ ಮೇಲೆ ಕಪ್ಪು ಗೆರೆಗಳಿರುತ್ತವೆ, ತುದಿ ಮೊಂಡಾಗಿರುತ್ತದೆ. ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಅದನ್ನು 20-25 ಗ್ರಾಮ್ ಭಾರದಷ್ಟೇ ಒತ್ತಡದಲ್ಲಿ ಇಳಿಸಿ ನಡೆಸುತ್ತಾರೆ. ವಸಡು ಆರೋಗ್ಯವಾಗಿದ್ದರೆ ಕಡ್ಡಿ 1ರಿಂದ 3 ಮಿ.ಮೀ. ಇಳಿದು ನಿಲ್ಲುತ್ತದೆ. ರೋಗವಿರುವ ಕಡೆ ತಡೆಯೇ ಇಲ್ಲದೆ ಇಳಿಯುತ್ತದೆ. ಎಳೆದ ಮೇಲೆ ಕೆಲವು ಸೆಕೆಂಡಿನಲ್ಲಿ ವಸಡಿನ ಅಂಚಿನುದ್ದಕ್ಕೂ ರಕ್ತ ಜಿನುಗಿ ಗೆರೆಯಾಗಿ ಕಾಣುತ್ತದೆ. ಅಂಕಿಯ ಪಕ್ಕದಲ್ಲಿ ನಾನು ಕೆಂಪು ಪೆನ್ನಿನಲ್ಲಿ ಚುಕ್ಕೆ ಇಡುವುದು ಅದಕ್ಕೇ. ನಿಮ್ಮ ಚಾರ್ಟ್ ಕೇಳಿ ತೆಗೆದುಕೊಂಡರೆ ಮೊದಲು ಆ ಕೆಂಪು ಚುಕ್ಕೆ ಎಲ್ಲೆಲ್ಲಿವೆ ನೋಡಿ. ಮನೆಯಲ್ಲಿ ಬ್ರಷ್ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಗಳು ಅವು.

ಇಲ್ಲಿ ಒಂದು ಅಂಶ ಗಮನಿಸಬೇಕು. ಪಾಕೆಟ್ಟಿನ ಆಳ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ವಸಡು 3 ಮಿ.ಮೀ. ಕೆಳಗೆ ಸರಿದು, ಅಲ್ಲಿಂದ ಪಾಕೆಟ್ 4 ಮಿ.ಮೀ. ಇದ್ದರೆ ಹಲ್ಲು ಕಳೆದುಕೊಂಡ ಹಿಡಿತ 7 ಮಿ.ಮೀ. ಬರೀ 4 ಎಂದು ಓದಿದವರಿಗೆ ಅದು ಸಣ್ಣದಾಗಿ ಕಂಡೀತು. ಇದಕ್ಕೆ ತಿರುಗಾಮುರುಗಾ ಕೂಡ ಆಗುತ್ತದೆ. ವಸಡು ಊದಿ ಹಲ್ಲಿನ ಮೇಲೆ 3 ಮಿ.ಮೀ. ಏರಿ ಕೂತು, ಕಡ್ಡಿ 5 ಮಿ.ಮೀ. ಇಳಿದರೆ ನಿಜವಾಗಿ ಹೋದ ಹಿಡಿತ 2 ಮಾತ್ರ. ಚಾರ್ಟಿನಲ್ಲಿ ‘ಸಿಎಎಲ್’ ಎಂದು ಬರೆದಿರುವ ಸಾಲು ಈ ಒಟ್ಟು ಹಿಡಿತನಷ್ಟ. ರೋಗದ ಸ್ಟೇಜನ್ನು ಅದರ ಮೇಲೆ ಹೇಳುತ್ತಾರೆ.

ಪೆರಿಯೊಡಾಂಟೈಟಿಸ್ ಎನ್ನಬೇಕಾದರೆ ಹಲ್ಲುಸಂದಿಯ ಕಡೆ ಈ ನಷ್ಟ ಕಾಣಬೇಕು, ಅದೂ ಪಕ್ಕಪಕ್ಕದಲ್ಲಿಲ್ಲದ ಎರಡು ಹಲ್ಲುಗಳಲ್ಲಾದರೂ ಇರಬೇಕು. ಕೆನ್ನೆಯ ಕಡೆ ಮಾತ್ರ ವಸಡು ಸರಿದಿದ್ದರೆ ಅದು ಹೆಚ್ಚಾಗಿ ಒರಟು ಬ್ರಷ್ಷಿನ, ಬೂದಿ ತಿಕ್ಕಿದ ಫಲ. ಅಡ್ಡ ಬೆಳೆದ ಬುದ್ಧಿಹಲ್ಲಿನ ಮಗ್ಗುಲಿನ ಹಲ್ಲು, ಬುಡದವರೆಗೆ ಹುಳುಕಾದ ಹಲ್ಲು, ಬೇರು ಸೀಳಿದ ಹಲ್ಲು, ಇವುಗಳ ಸುತ್ತ ಆದ ನಷ್ಟವನ್ನೂ ಬಿಟ್ಟು ಎಣಿಸುತ್ತಾರೆ.

ಸ್ಟೇಜ್ 1ರಿಂದ 4

ಇಡೀ ಬಾಯಲ್ಲಿ ಹಲ್ಲುಸಂದಿಯ ಹಿಡಿತನಷ್ಟ ಎಲ್ಲಿ ಅತಿ ಹೆಚ್ಚಿದೆಯೋ ಅದನ್ನು ಹಿಡಿದು ಸ್ಟೇಜ್ ಹೇಳುತ್ತಾರೆ. ನಷ್ಟ 1-2 ಮಿ.ಮೀ., ಎಕ್ಸ್‌ರೇಯಲ್ಲಿ ಎಲುಬು ಬೇರಿನ ನೂರಕ್ಕೆ 15ಕ್ಕಿಂತ ಕಡಿಮೆ ತಗ್ಗಿದ್ದರೆ ಸ್ಟೇಜ್ 1. ನಷ್ಟ 3-4 ಮಿ.ಮೀ., ಎಲುಬು 15ರಿಂದ 33ರಷ್ಟು ತಗ್ಗಿದ್ದರೆ ಸ್ಟೇಜ್ 2. ಈ ಎರಡರಲ್ಲೂ ರೋಗದಿಂದ ಬಿದ್ದ ಹಲ್ಲು ಒಂದೂ ಇರಬಾರದು. ವಸಡಿನಡಿಯವರೆಗೆ ಕ್ಲೀನಿಂಗ್ ಮಾಡಿಸಿ, ಮನೆಯಲ್ಲಿ ಸಂದಿಗಳನ್ನು ನೋಡಿಕೊಂಡರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ.

ನಷ್ಟ 5 ಮಿ.ಮೀ. ಮುಟ್ಟಿತೆಂದರೆ ಸ್ಟೇಜ್ 3. ಎಲುಬು ಬೇರಿನ ನಡುಭಾಗದವರೆಗೋ ಅದಕ್ಕಿಂತ ಕೆಳಕ್ಕೋ ಇಳಿದಿರುತ್ತದೆ, ಪಾಕೆಟ್ 6 ಮಿ.ಮೀ. ಅಥವಾ ಹೆಚ್ಚು ಇರುತ್ತದೆ. ದವಡೆಹಲ್ಲಿನ ಬೇರುಗಳು ಕವಲೊಡೆಯುವ ಜಾಗಕ್ಕೆ ಕಡ್ಡಿ ತೂರುತ್ತದೆ. ಆ ಕವಲಿಗೆ ಮನೆಯ ಬ್ರಷ್ ಮುಟ್ಟುವುದಿಲ್ಲ, ಅದಕ್ಕೇ ಡಾಕ್ಟರು ಅಲ್ಲಿ ಹೆಚ್ಚು ಹೊತ್ತು ನೋಡುತ್ತಾರೆ. ಈ ರೋಗದಿಂದಲೇ ನಾಲ್ಕು ಹಲ್ಲಿನವರೆಗೆ ಹೋಗಿದ್ದರೂ ಸ್ಟೇಜ್ 3ರಲ್ಲೇ ಇಡುತ್ತಾರೆ. ಐದು ಅಥವಾ ಹೆಚ್ಚು ಹೋಗಿದ್ದರೆ, ಇಲ್ಲವೇ ಅಗಿಯುವುದೇ ಕಷ್ಟವಾಗುವಷ್ಟು ಹಲ್ಲು ಅಲ್ಲಾಡಿ, ಮುಂದಿನ ಹಲ್ಲುಗಳು ಬೀಸಣಿಗೆ ಬಿಚ್ಚಿದ ಹಾಗೆ ಮುಂದಕ್ಕೆ ಚಾಚಿ, ಕಚ್ಚುವ ಕ್ರಮವೇ ಕೆಟ್ಟಿದ್ದರೆ ಸ್ಟೇಜ್ 4.

ಇದರಿಂದ ನೀವು ಮಾಡಬೇಕಾದ ಒಂದು ಕೆಲಸ ಹುಟ್ಟುತ್ತದೆ. ಬಾಯಲ್ಲಿ ಇಲ್ಲದ ಪ್ರತಿ ಹಲ್ಲಿನ ಕಥೆಯನ್ನೂ ನೆನಪು ಮಾಡಿಕೊಂಡು ಹೋಗಿ. ಹುಳುಕಾಗಿ ಕೀಳಿಸಿದ್ದೋ, ಬೈಕಿನಿಂದ ಬಿದ್ದಾಗ ಮುರಿದದ್ದೋ, ತಾನಾಗಿ ಅಲ್ಲಾಡಿ ಕೈಗೆ ಬಂದದ್ದೋ? ಸ್ಟೇಜಿನ ಲೆಕ್ಕಕ್ಕೆ ಬರುವುದು ಕೊನೆಯ ಬಗೆಯದು ಮಾತ್ರ. ‘ವಯಸ್ಸಾತಲ್ರೀ, ಬಿದ್ದು ಹೋತು’ ಎಂದು ಹೇಳಿ ಮುಗಿಸುವ ಹಿರಿಯರ ಜೊತೆ ಮನೆಯವರೊಬ್ಬರು ಬಂದರೆ ನಮಗೆ ಅನುಕೂಲ.

ಜೊತೆಗೆ ಹರವು ಬರೆಯುತ್ತಾರೆ. ಇರುವ ಹಲ್ಲುಗಳಲ್ಲಿ ನೂರಕ್ಕೆ 30ಕ್ಕಿಂತ ಕಡಿಮೆ ಹಲ್ಲಿಗೆ ಆಗಿದ್ದರೆ ಲೋಕಲೈಸ್ಡ್, ಹೆಚ್ಚಿದ್ದರೆ ಜನರಲೈಸ್ಡ್. ಮೊದಲ ದವಡೆಹಲ್ಲು ಮತ್ತು ಮುಂದಿನ ಬಾಚಿಹಲ್ಲುಗಳಿಗಷ್ಟೇ ಆಗಿದ್ದರೆ ‘ಮೋಲಾರ್-ಇನ್ಸೈಸರ್ ಪ್ಯಾಟರ್ನ್’ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಹರೆಯದ ಮಕ್ಕಳಲ್ಲಿ ಕಾಣುವ ಬಗೆ. ಬಾಯಿ ನೋಡಲು ಶುಭ್ರವಾಗಿಯೇ ಇದ್ದು ಕಾಲೇಜಿಗೆ ಹೋಗುವ ಮಗನ ಮುಂದಿನ ಹಲ್ಲು ಅಲ್ಲಾಡುತ್ತಿದ್ದರೆ ತಡಮಾಡಬೇಡಿ. ಅಣ್ಣತಮ್ಮ, ಅಕ್ಕತಂಗಿಯರನ್ನೂ ತೋರಿಸಿ.

ಗ್ರೇಡ್: ಎ, ಬಿ, ಸಿ

ಎಲ್ಲರ ಬಾಯಲ್ಲೂ ಪಾಚಿ ಇದ್ದರೂ ಎಲುಬು ಎಲ್ಲರಿಗೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಇದನ್ನು ತೋರಿಸಿದ್ದೂ ಹೆರಾಲ್ಡ್ ಲೋ ಅವರ ತಂಡವೇ. ಶ್ರೀಲಂಕಾದ ಚಹಾತೋಟಗಳಲ್ಲಿ ದುಡಿಯುವ 480 ತಮಿಳು ಗಂಡಸರನ್ನು 1970ರಿಂದ 1985ರವರೆಗೆ ಅವರು ಗಮನಿಸಿದರು. ಹಲ್ಲಿನ ಡಾಕ್ಟರನ್ನು ಕಾಣದ, ಬ್ರಷ್ ಬಳಕೆಯೇ ಇಲ್ಲದ ಜನ. ಎಲ್ಲರ ಬಾಯಲ್ಲೂ ಪಾಚಿ, ಕಿಟ್ಟ, ಬಾವು. ಆದರೂ ನೂರಕ್ಕೆ 8ರಷ್ಟು ಜನರಿಗೆ ರೋಗ ಓಡಿತು, 81ರಷ್ಟು ಜನರಿಗೆ ನಿಧಾನವಾಗಿ ಹೆಜ್ಜೆ ಹಾಕಿತು, 11ರಷ್ಟು ಜನರಿಗೆ ಬಾವು ದಾಟಿ ಮುಂದಕ್ಕೆ ಹೋಗಲೇ ಇಲ್ಲ. ‘ನಮ್ಮ ತಾತ ಒಂದು ದಿನಾನೂ ಬ್ರಷ್ ಹಿಡಿದೋರಲ್ಲ, ಎಂಬತ್ತಕ್ಕೂ ಕಡಲೆ ಕಡೀತಿದ್ರು’ ಎಂದು ಯಾರಾದರೂ ಹೇಳಿದಾಗ ನಾನು ಅಲ್ಲಗಳೆಯುವುದಿಲ್ಲ. ಅವರು ಆ 11ರ ಕಡೆಯವರಿರಬಹುದು. ನೀವು ಯಾವ ಕಡೆಯವರು ಎಂಬುದಕ್ಕೆ ನಿಮ್ಮ ಎಕ್ಸ್‌ರೇ ನೋಡಬೇಕು.

ಗ್ರೇಡನ್ನು ನೇರವಾಗಿ ಕಂಡುಕೊಳ್ಳುವ ದಾರಿ ಹಳೆಯ ಎಕ್ಸ್‌ರೇಯನ್ನು ಈಗಿನದರ ಪಕ್ಕ ಇಟ್ಟು ನೋಡುವುದು. ಐದು ವರ್ಷದಲ್ಲಿ ನಷ್ಟ ಇಲ್ಲವೇ ಇಲ್ಲ ಎಂದರೆ ಎ, 2 ಮಿ.ಮೀ.ಗಿಂತ ಕಡಿಮೆ ಎಂದರೆ ಬಿ, 2 ಅಥವಾ ಹೆಚ್ಚು ಎಂದರೆ ಸಿ. ಹಳೆಯದು ಇಲ್ಲದಿದ್ದರೆ ಇನ್ನೊಂದು ಲೆಕ್ಕವಿದೆ, ಕಾಗದ ಪೆನ್ನು ಹಿಡಿದು ನೀವೂ ಮಾಡಬಹುದು. ಎಲುಬು ಅತಿ ಹೆಚ್ಚು ಹೋದ ಹಲ್ಲಿನಲ್ಲಿ ಅದು ಬೇರಿನ ನೂರಕ್ಕೆ ಎಷ್ಟು ತಗ್ಗಿದೆ ಎಂದು ಡಾಕ್ಟರನ್ನು ಕೇಳಿ. ಆ ಅಂಕಿಯನ್ನು ನಿಮ್ಮ ವಯಸ್ಸಿನಿಂದ ಭಾಗಿಸಿ. 0.25ಕ್ಕಿಂತ ಕಡಿಮೆ ಬಂದರೆ ಎ, 0.25ರಿಂದ 1ರವರೆಗೆ ಬಿ, 1 ದಾಟಿದರೆ ಸಿ. ಎಲುಬು ನೂರಕ್ಕೆ 50 ಹೋಗಿರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರಿಗೆ 65 ವರ್ಷ: 50 ಭಾಗಿಸು 65, ಸುಮಾರು 0.77, ಗ್ರೇಡ್ ಬಿ. ಇನ್ನೊಬ್ಬರಿಗೆ 40: 1.25, ಗ್ರೇಡ್ ಸಿ. ಎಕ್ಸ್‌ರೇ ಒಂದೇ ಥರ ಕಂಡರೂ ನಲವತ್ತರವರ ಬಗ್ಗೆ ನಮಗೆ ಹೆಚ್ಚು ಆತಂಕ.

ಇದರ ಮೇಲೆ ಎರಡು ವಿಷಯ ಗ್ರೇಡನ್ನು ಏರಿಸುತ್ತವೆ: ಶುಗರ್ ಮತ್ತು ಹೊಗೆ. ಶುಗರ್ ಇದ್ದು ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7ಕ್ಕಿಂತ ಕಡಿಮೆ ಇದ್ದರೆ ಕನಿಷ್ಠ ಬಿ. 7 ಅಥವಾ ಮೇಲಿದ್ದರೆ ಸಿ. ದಿನಕ್ಕೆ ಹತ್ತಕ್ಕಿಂತ ಕಡಿಮೆ ಸಿಗರೇಟು ಸೇದಿದರೆ ಬಿ, ಹತ್ತು ಅಥವಾ ಹೆಚ್ಚಾದರೆ ಸಿ. ಗ್ರೇಡಿನ ಪಟ್ಟಿಯಲ್ಲಿ ಬರೆದಿರುವುದು ಸಿಗರೇಟಿನ ಲೆಕ್ಕ ಮಾತ್ರ. ಬೀಡಿಯನ್ನು, ಗುಟ್ಕಾವನ್ನು, ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿಯನ್ನು ಮುಚ್ಚಿಡದೆ ಹೇಳಿ. ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಕೆನ್ನೆಯ ಕಡೆಯ ವಸಡು ಕೆಳಕ್ಕೆ ಸರಿದು ಬೇರು ಬಿಟ್ಟುಕೊಂಡಿರುವುದು ನಮಗೆ ಹೇಗೂ ಕಾಣುತ್ತದೆ. ಅಡಿಕೆ ಮತ್ತು ಹೊಗೆಸೊಪ್ಪಿನಿಂದ ಬರುವ ಬಾಯಿ ಕ್ಯಾನ್ಸರಿನ ಭಯ ಬೇರೆಯೇ ಇದೆ. ಅದೇ ಜಾಗದಲ್ಲಿ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ತೇಪೆ ಇದ್ದರೆ ವಸಡಿನ ಲೆಕ್ಕ ಪಕ್ಕಕ್ಕಿಟ್ಟು ಮೊದಲು ಅದನ್ನು ತೋರಿಸಿ.

ಚನ್ನಗಿರಿ ಕಡೆಯ ಒಬ್ಬ ಅಡಿಕೆ ಬೆಳೆಗಾರರ ಚೀಟಿ ಹೇಳುತ್ತೇನೆ. ವಯಸ್ಸು 44, ಎಲುಬು ನೂರಕ್ಕೆ 30 ಹೋಗಿತ್ತು. ಭಾಗಿಸಿದರೆ 0.68, ಗ್ರೇಡ್ ಬಿ ಆಗಬೇಕು. ಆದರೆ ಚೀಟಿಯಲ್ಲಿ ಸಿ ಎಂದಿತ್ತು, ಯಾಕೆಂದರೆ ಎಚ್‌ಬಿಎ1ಸಿ 8.9. ‘ಹಲ್ಲಿಗೂ ಶುಗರಿಗೂ ಏನು ಸಂಬಂಧ ಅಕ್ಕಾ?’ ಎಂದರು. ಸಂಬಂಧ ಎರಡೂ ದಿಕ್ಕಿನದು. ಶುಗರ್ ಏರಿದರೆ ವಸಡಿನ ಬಾವು ಕೆರಳುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ವಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿಸಿದರೆ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ. ಅವರು ಶುಗರ್ ಡಾಕ್ಟರ ಬಳಿ ಮಾತ್ರೆ ಸರಿಮಾಡಿಸಿಕೊಂಡರು, ನಮ್ಮಲ್ಲಿ ವಸಡಿನಡಿಯ ಕ್ಲೀನಿಂಗ್ ಮಾಡಿಸಿಕೊಂಡರು, ಸಂಜೆ ತೋಟದಿಂದ ಬಂದ ಮೇಲಿನ ಸಿಹಿ ಚಹಾ ಬಿಟ್ಟರು. ಮುಂದೆ 6.8ರ ರಿಪೋರ್ಟು ತಂದಾಗ ಡಾಕ್ಟರು ಸಿ ಹೊಡೆದು ಬಿ ಬರೆದರು. ಸ್ಟೇಜ್ ಹಾಗೇ ಉಳಿಯಿತು. ಒಮ್ಮೆ ಬರೆದ ಸ್ಟೇಜನ್ನು ಸಾಮಾನ್ಯವಾಗಿ ಇಳಿಸುವುದಿಲ್ಲ, ಗ್ರೇಡನ್ನು ತಿದ್ದುತ್ತಾರೆ.

ಸ್ಟೇಜ್, ಗ್ರೇಡಿಗೆ ಸಿಗದ ಬಗೆಗಳು

ಎಲ್ಲ ವಸಡುಬಾವೂ ಬರೀ ಪಾಚಿಯಿಂದ ಬಂದದ್ದಲ್ಲ. ಬಿಪಿಗೆ ಅಮ್ಲೋಡಿಪಿನ್, ನಿಫೆಡಿಪಿನ್, ಫಿಟ್ಸಿಗೆ ಫೆನಿಟಾಯಿನ್, ಕಿಡ್ನಿ ಕಸಿಯಾದವರಿಗೆ ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವ ಕೆಲವರಲ್ಲಿ ವಸಡು ಬೆಳೆದು ಹಲ್ಲನ್ನೇ ಮುಚ್ಚಿಕೊಳ್ಳುತ್ತದೆ. ಮಾತ್ರೆಯ ಪಟ್ಟಿ ತಂದು ತೋರಿಸಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಬದಲಿಸುವುದನ್ನು ಇಬ್ಬರು ಡಾಕ್ಟರೂ ಮಾತಾಡಿ ತೀರ್ಮಾನಿಸುತ್ತಾರೆ. ಬಸುರಿಯಲ್ಲಿ ಹಾರ್ಮೋನಿನಿಂದ ವಸಡು ಬೇಗ ಊದುತ್ತದೆ. ಆಗ ಕ್ಲೀನಿಂಗ್ ಮಾಡಿಸಬಾರದು ಎಂಬುದು ಸುಳ್ಳು, ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಅನುಕೂಲದ ಕಾಲ. ವಸಡು ಸಿಪ್ಪೆ ಸುಲಿದಂತೆ ಉರಿಯುತ್ತಿದ್ದರೆ ಲೈಕೆನ್ ಪ್ಲೇನಸ್‌ನಂಥ ಚರ್ಮರೋಗವಿರಬಹುದು. ಕೆಲವೇ ವಾರಗಳಲ್ಲಿ ವಸಡು ಉಬ್ಬಿ, ತಾನಾಗಿ ರಕ್ತ ಸುರಿದು, ಜ್ವರ, ಬಿಳುಚು, ಸುಸ್ತು ಜೊತೆಗಿದ್ದರೆ ರಕ್ತಪರೀಕ್ಷೆಯನ್ನು ಮುಂದೂಡಬೇಡಿ. ರಕ್ತದ ಕ್ಯಾನ್ಸರು ಹೀಗೆ ಬಾಯಲ್ಲಿ ಮೊದಲು ಕಾಣಿಸಿಕೊಳ್ಳುವುದುಂಟು.

ಅದೇ ದಿನ ಬರಬೇಕಾದ ಬಗೆಯೂ ಒಂದಿದೆ, ನೆಕ್ರೋಟೈಸಿಂಗ್ ರೋಗ. ಇದರಲ್ಲಿ ನೋವು ಜೋರು. ಹಲ್ಲುಸಂದಿಯ ವಸಡಿನ ತುದಿ ಕೊರೆದು ತೆಗೆದಂತೆ ಹೋಗಿ ಮೇಲೆ ಬೂದು ಪೊರೆ ಕಟ್ಟುತ್ತದೆ, ಪಕ್ಕದಲ್ಲಿ ಕೂರಲಾಗದಷ್ಟು ವಾಸನೆ ಬರುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ ರೋಗ ಇದು. ಊಟ ಸರಿಯಿಲ್ಲದೆ, ನಿದ್ದೆಗೆಟ್ಟು, ಹೊಗೆ ಸೇದುವವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈಗಲೂ ಬರುತ್ತದೆ. ವಸಡಿನಲ್ಲಿ ಕೀವುಗಡ್ಡೆ ಎದ್ದಿದ್ದರೂ ಕಾಯಬೇಡಿ.

ಹಾಲುಹಲ್ಲು ಬೀಳುವ ವಯಸ್ಸಿಗೆ ಮೊದಲೇ ಮಗುವಿನ ಹಲ್ಲುಗಳು ಅಲ್ಲಾಡಿ ಬೀಳುತ್ತಿದ್ದು, ಅಂಗೈ ಅಂಗಾಲಿನ ಚರ್ಮ ದಪ್ಪಗಾಗಿ ಒಡೆಯುತ್ತಿದ್ದರೆ ಅದು ಪ್ಯಾಪಿಲಾನ್-ಲೆಫೆವ್ರ್ ಎಂಬ ವಿರಳ ವಂಶವಾಹಿ ರೋಗವಿರಬಹುದು. ಇಂಪ್ಲಾಂಟ್, ಅಂದರೆ ಎಲುಬಿಗೆ ಕೂರಿಸುವ ಕೃತಕ ಬೇರು, ಹಾಕಿಸಿಕೊಂಡವರಿಗೂ ಅದರ ಸುತ್ತ ಬಾವು, ಎಲುಬುನಷ್ಟ ಆಗುತ್ತದೆ. 2017ರ ಪದ್ಧತಿಯಲ್ಲಿ ಅದಕ್ಕೂ ಜಾಗ ಕೊಟ್ಟಿದ್ದಾರೆ.

ಓದಿಕೊಂಡಾಯಿತು, ಮುಂದೆ

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯದಿಂದ ಸ್ಟೇಜ್ 2ರವರು ಸ್ಟೇಜ್ 4ಕ್ಕೆ ತಲುಪಿ ಬರುವುದನ್ನು ನೋಡಿ ನನಗೆ ಬಹಳ ಸಂಕಟವಾಗುತ್ತದೆ. ಕಿಟ್ಟ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುತ್ತದೆ. ಅದು ಹೋದ ಮೇಲೆ ಎಲುಬು ಹೋಗಿದ್ದರಿಂದ ಮೊದಲೇ ಆಗಿದ್ದ ಸಡಿಲ ಗೊತ್ತಾಗುತ್ತದೆ. ಬಾವು ಇಳಿದು ವಸಡು ಬಿಗಿಯಾದಾಗ ಸಂದಿಗಳು ತೆರೆದುಕೊಳ್ಳುತ್ತವೆ, ಬೇರಿಗೆ ತಣ್ಣೀರು ಜುಮ್ಮೆನ್ನುತ್ತದೆ. ಜುಮ್ಮೆನ್ನುವುದು ಬಹಳ ಜನರಿಗೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ಕ್ಲೀನಿಂಗ್ ಎಲುಬನ್ನು ತೆಗೆಯುವುದಿಲ್ಲ.

ಪೆರಿಯೊಡಾಂಟೈಟಿಸ್ ಎಂದಿದ್ದರೆ ಮೇಲುಮೇಲಿನ ಕ್ಲೀನಿಂಗ್ ಸಾಲದು. ಪಾಕೆಟ್ಟಿನೊಳಗೆ ಬೇರಿಗೆ ಅಂಟಿದ ಕಿಟ್ಟವನ್ನೂ ತೆಗೆಯಬೇಕು, ಅದಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಭಾಗಭಾಗವಾಗಿ ಮಾಡುತ್ತಾರೆ. ಆರರಿಂದ ಹನ್ನೆರಡು ವಾರದೊಳಗೆ ಮತ್ತೆ ಅಳೆಯಲೇಬೇಕು. ನೋವಿಲ್ಲ ಎಂದು ಈ ಭೇಟಿಯನ್ನೇ ತಪ್ಪಿಸುವವರು ಹೆಚ್ಚು. ಪಾಕೆಟ್ 4 ಮಿ.ಮೀ. ಅಥವಾ ಕಡಿಮೆಯಾಗಿ, ಅಲ್ಲಿ ರಕ್ತವೂ ನಿಂತಿದ್ದರೆ ಗೆದ್ದಂತೆ. ಇನ್ನೂ 6 ಮಿ.ಮೀ. ಇದ್ದ ಕಡೆ ವಸಡು ಬಿಡಿಸಿ ಒಳಗೆ ಶುಚಿ ಮಾಡುವ ಫ್ಲ್ಯಾಪ್ ಆಪರೇಷನ್ ಬೇಕಾಗಬಹುದು. ಆಮೇಲೆ ಗ್ರೇಡ್ ಸಿ ಇರುವವರು ಮೂರು ತಿಂಗಳಿಗೊಮ್ಮೆ, ಉಳಿದವರು ಡಾಕ್ಟರು ಹೇಳಿದ ಅಂತರದಲ್ಲಿ, ಯಾರೇ ಆದರೂ ವರ್ಷ ದಾಟಿಸದೆ ಬರಬೇಕು.

ಮನೆಯಲ್ಲಿ ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣದಾಗಿ ಅಲುಗಿಸಿ, ಅಡ್ಡಡ್ಡ ಗೀಚಬೇಡಿ. ಮಂಡಕ್ಕಿ, ಮೆಣಸಿನಕಾಯಿ ತಿಂದ ಮೇಲೆ ಸಂದಿಯಲ್ಲಿ ಸಿಕ್ಕಿದ್ದನ್ನು ಪಿನ್ನು, ಬೆಂಕಿಕಡ್ಡಿಯಲ್ಲಿ ಚುಚ್ಚುವುದನ್ನು ಇವತ್ತೇ ಬಿಡಿ. ಅದರ ಬದಲು ಸಂದಿಗೆ ಹೋಗುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ತನ್ನಿ. ಸಂದಿಯ ಅಗಲಕ್ಕೆ ತಕ್ಕ ಅಳತೆಗಳಿರುತ್ತವೆ, ಸ್ವಲ್ಪ ಬಿಗಿಯಾಗಿ ಹೋಗಬೇಕು, ತುರುಕಬಾರದು. ಅಳತೆ ನಮ್ಮಂಥವರನ್ನು ಕೇಳಿ, ಬಾಯಲ್ಲೇ ಹಾಕಿ ತೋರಿಸುತ್ತೇವೆ. ಬೇವಿನ ಕಡ್ಡಿಯನ್ನು ಬಿಡಲು ಮನಸ್ಸಿಲ್ಲದ ಹಿರಿಯರಿಗೆ ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಳ್ಳಿ ಎನ್ನುತ್ತೇನೆ, ಆದರೆ ಸಂದಿಗೆ ಅದು ಹೋಗುವುದಿಲ್ಲ ಎಂಬುದನ್ನೂ ಹೇಳುತ್ತೇನೆ.

ಖರ್ಚಿನ ಚಿಂತೆಯಿದ್ದರೆ ನಮ್ಮ ಊರಿನಲ್ಲಿ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಅಲ್ಲಿ ವಿದ್ಯಾರ್ಥಿಗಳು ಪ್ರತಿ ಹಲ್ಲಿನ ಆರೂ ಜಾಗ ಅಳೆದು ಬರೆಯುತ್ತಾರೆ, ಹಿರಿಯ ಡಾಕ್ಟರು ನೋಡುತ್ತಾರೆ. ಹೊತ್ತು ಹಿಡಿಯುತ್ತದೆ; ಊರಿಂದ ಬರುವವರು ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ತಿಂಡಿ ತಿಂದು, ಶುಗರಿನ ಮಾತ್ರೆ ತೆಗೆದುಕೊಂಡೇ ಬನ್ನಿ.

ಎಲ್ಲೇ ತೋರಿಸಿದರೂ ಚಾರ್ಟಿನ ಪ್ರತಿ ಮತ್ತು ಎಕ್ಸ್‌ರೇ ಕೇಳಿ ಇಟ್ಟುಕೊಳ್ಳಿ. ಫಿಲ್ಮನ್ನು ಮಡಚಬೇಡಿ, ಬಿಸಿಲು ಬೀಳುವ ಗೂಡಿನಲ್ಲಿ ಇಡಬೇಡಿ. ಟ್ಯೂಬ್‌ಲೈಟಿನ ಎದುರು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು, ದಿನಾಂಕ ಹಾಕಿ ಮಗನಿಗೋ ಮಗಳಿಗೋ ಕಳಿಸಿಡಿ. ಮುಂದಿನ ಸಲ ಬೇರೆ ಡಾಕ್ಟರ ಹತ್ತಿರ ಹೋದರೂ, ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ತೋರಿಸಿ, ‘ಅವತ್ತಿಗೂ ಇವತ್ತಿಗೂ ಎಲುಬು ಎಷ್ಟು ಇಳಿದಿದೆ ನೋಡಿ ಡಾಕ್ಟ್ರೇ, ಗ್ರೇಡ್ ಯಾವುದು ಅಂತ ಚೀಟಿ ಮೇಲೆ ಬರೆದುಕೊಡಿ’ ಎಂದು ಕೇಳಿ.